ಕಿವಿಗೆ ಒಂದೇ, ಕಣ್ಣಿಗೆ ಬೇರೆ

ಕೇಳುಗರಿಗೆ ನಮಸ್ಕಾರ.

ರೈಟ್. ಈಗ ನಾನು ಹೇಳಿದ್ದು ಯಾವ ರೈಟ್? ಬರೆಯುವುದೋ, ಸರಿ ಎನ್ನುವುದೋ, ಬಲಗಡೆಯೋ? ಬರೀ ಕಿವಿಯನ್ನು ನಂಬಿದರೆ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೇ ಇವತ್ತು ಇಂಥ ಇಂಗ್ಲಿಷ್ ಪದಗಳ ಅಕ್ಷರ ಬಿಡಿಸಿ ಹೇಳುತ್ತೇನೆ. ಪೆನ್ನು ಹತ್ತಿರವಿದ್ದರೆ ಕೈಗೆತ್ತಿಕೊಳ್ಳಿ.

ಕನ್ನಡದಲ್ಲಿ ಹೆಚ್ಚುಕಡಿಮೆ ನುಡಿದ ಹಾಗೇ ಬರೆಯುತ್ತೇವೆ. ಹಾಗಾಗಿ ಬರೆಯುವ ರೈಟ್‌ಗೆ ಮೊದಲಲ್ಲಿ ಡಬ್ಲ್ಯೂ ಯಾಕೆ ಬೇಕು ಎಂದು ನಮಗೆ ಸಿಟ್ಟು ಬರುತ್ತದೆ. ಆದರೆ ಅದನ್ನು ಯಾರೋ ಸುಮ್ನೆ ತಂದು ಕೂರಿಸಲಿಲ್ಲ. ಒಂದು ಕಾಲದಲ್ಲಿ ಜನ ಅದನ್ನು ನಿಜಕ್ಕೂ ನುಡಿಯುತ್ತಿದ್ದರು. ನೈಟ್ ಎಂದರೆ ರಾತ್ರಿ. ಮುಂದೆ ಒಂದು ಕೆ ಸೇರಿದರೆ ಕುದುರೆ ಏರಿದ ವೀರ. ಆ ಕೆ ಕೂಡ ಹಿಂದೆ ಬಾಯಲ್ಲಿತ್ತು. 1476ರ ಹೊತ್ತಿಗೆ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣ ಶುರುಮಾಡಿದ. ಅಚ್ಚಾಗುತ್ತಾ ಆಗುತ್ತಾ ಕಾಗುಣಿತ ಗಟ್ಟಿಯಾಯಿತು. ನಾಲಿಗೆ ಮಾತ್ರ ಬದಲಾಗುತ್ತಲೇ ಹೋಯಿತು. ಮಾಂಸದ ಮೀಟ್, ಭೇಟಿಯ ಮೀಟ್ ಎರಡಕ್ಕೂ ಆಗ ಬೇರೆ ಬೇರೆ ಸ್ವರವಿತ್ತು. ಸ್ವರ ಕೂಡಿಕೊಂಡಿತು, ಕಾಗುಣಿತ ಕೂಡಿಕೊಳ್ಳಲಿಲ್ಲ.

ನನಗೆ ತುಂಬಾ ಇಷ್ಟವಾದ ಜೋಡಿ ಎಂದರೆ ಫ್ಲವರ್ ಮತ್ತು ಫ್ಲವರ್, ಅಂದರೆ ಹೂವು ಮತ್ತು ಹಿಟ್ಟು. ಇವೆರಡೂ ಮೊದಲು ಒಂದೇ ಪದ! ಬೀಸಿದ ಕಾಳಿನಲ್ಲಿ ಎಲ್ಲಕ್ಕಿಂತ ನಯವಾದ ಭಾಗವನ್ನು ಅದರ ಹೂವು ಎಂದು ಕರೆದರು. ಆಮೇಲೆ ಹಿಟ್ಟಿಗೆ ಬೇರೆ ಕಾಗುಣಿತ ಬಂತು: ಎಫ್ ಎಲ್ ಓ ಯು ಆರ್.

ಸ್ಟೇಷನರಿಗೂ ಇಂಥದೇ ಕಥೆ ಇದೆ. ಹಿಂದೆ ಎಷ್ಟೋ ವ್ಯಾಪಾರಿಗಳು ಊರೂರು ಅಲೆಯುತ್ತಿದ್ದರು. ಒಂದೇ ಕಡೆ ನೆಲೆನಿಂತು ಪುಸ್ತಕ ಮಾರುವವನು ಸ್ಟೇಷನರ್. ಅವನಲ್ಲಿ ಸಿಗುವ ಕಾಗದ, ಪೆನ್ನು ಸ್ಟೇಷನರಿ. ಸ್ಟೇಷನರ್ ಕೊನೆಗೆ ಇ ಆರ್ ಇದೆ, ಅದಕ್ಕೊಂದು ವೈ ಸೇರಿಸಿ. ಕದಲದೆ ನಿಂತಿರುವ ಎಂಬ ಅರ್ಥದ ಸ್ಟೇಷನರಿಗೆ ಮಾತ್ರ ಕೊನೆಯಲ್ಲಿ ಎ ಆರ್ ವೈ.

ಕೇಳುವ ಹಿಯರ್ ಒಳಗೆ ಇಯರ್, ಅಂದರೆ ಕಿವಿಯೇ ಇದೆ. ಇಲ್ಲಿ ಎನ್ನುವ ಹಿಯರ್ ಅನ್ನು ದೇರ್, ವೇರ್ ಪದಗಳ ಜೊತೆ ಬರೆದು ನೋಡಿ. ಮೂರೂ ಜಾಗ ಹೇಳುವ ಪದಗಳು. ಮೂರರ ಕೊನೆಯಲ್ಲೂ ಎಚ್ ಇ ಆರ್ ಇ.

ಇಟ್ಸ್ ವಿಷಯದಲ್ಲಿ ಚೆನ್ನಾಗಿ ಓದಿದವರೂ ಎಡವುತ್ತಾರೆ. ಟಿ ಆದಮೇಲೆ ಅಪಾಸ್ಟ್ರಫಿ, ಅಂದರೆ ಮೇಲೊಂದು ಪುಟ್ಟ ಕೊಂಡಿ, ಹಾಕಬೇಕೋ ಬೇಡವೋ? ಇಟ್ ಈಸ್ ಅಥವಾ ಇಟ್ ಹ್ಯಾಸ್ ಎಂದು ಬಿಡಿಸಿ ಓದಿ. ವಾಕ್ಯ ಸರಿಹೋದರೆ ಹಾಕಿ. ‘ಅದರ’ ಎಂಬ ಅರ್ಥವಿದ್ದರೆ ಬೇಡ.

ಇನ್ನು ಕೆಲವು ಪದಗಳು ಇಂಗ್ಲಿಷಿನವರಿಗೆ ಬೇರೆ, ನಮಗೆ ಮಾತ್ರ ಒಂದೇ. ಬಳ್ಳಿಯ ವೈನ್, ಕುಡಿಯುವ ವೈನ್. ಎರಡಕ್ಕೂ ನಾವು ಒಂದೇ ವ ಬಳಸುತ್ತೇವೆ. ಬಳ್ಳಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಇನ್ನೊಂದಕ್ಕೆ ಹಲ್ಲು ತಾಗಬಾರದು, ತುಟಿ ಗುಂಡಗಾಗಬೇಕು. ಕನ್ನಡಿ ಮುಂದೆ ನಿಂತು ಒಮ್ಮೆ ಹೇಳಿ ನೋಡಿ.

ನಮಸ್ಕಾರ.