ಫಿಯಟ್ಟು, ಬೆಂಜ್ ಲಾರಿ ಮತ್ತು ಒಂದು ಮೀಟರ್ ಪೆಟ್ರೋಲ್ ಪೈಪು

ಈ ವಿಡಿಯೋದಲ್ಲಿ ಗಾಳಿ ಸದ್ದು ಜಾಸ್ತಿ ಇದೆ ಅಂತ ದಾರಿಯಲ್ಲಿ ಮಾತಾಡಿದ್ದನ್ನೆಲ್ಲ ತೆಗೆದು ಹಾಕಿದ್ದೇನೆ, ಈಗ ಮನೆಯಲ್ಲಿ ಕೂತು ಹೇಳುತ್ತಿದ್ದೇನೆ. ಇದು ಹಾಸನದಿಂದ ಸಕಲೇಶಪುರಕ್ಕೆ ಹೋಗುವ ರಸ್ತೆ. ಮುಂದೆ ಹೋಗುತ್ತಿರುವುದು ನಮ್ಮ ಮಾವನ ಫಿಯಟ್ 1100 ಡಿಲೈಟ್, 1968ರ ಗಾಡಿ. ಹಳೇ ಗಾಡಿ ಹುಚ್ಚಿರುವವರು ಭಾನುವಾರ ಒಂದು ಕಡೆ ಸೇರೋಣ ಅಂದರು, ಕಾಫಿ ಕುಡಿಯೋಣ ಅಂದರು. ನಾನು ಕಾಫಿಗೆ ಹೋದವನು, ನಿಜ ಹೇಳಬೇಕಂದರೆ.

ಗೇರ್ ನೋಡಿ, ಸ್ಟೇರಿಂಗ್ ಪಕ್ಕದಲ್ಲೇ ಇದೆ. ಹ್ಯಾಂಡ್ ಗೇರ್ ಅನ್ನುತ್ತಿದ್ದರು. ಮುಂದಿನ ಸೀಟಿನಲ್ಲಿ ಮೂರು ಜನ ಆರಾಮಾಗಿ ಕೂರಬಹುದಿತ್ತು ಅಂತ ಮಾವ ಹೇಳುತ್ತಾರೆ. ಆರಾಮು ಅನ್ನುವುದು ಅವರ ಮಾತು, ನನ್ನದಲ್ಲ. ಡಿಲೈಟ್‌ಗಿಂತ ಹಿಂದಿನ ಫಿಯಟ್‌ಗಳಲ್ಲಿ ಮುಂದಿನ ಬಾಗಿಲಿನ ಕೀಲು ಹಿಂದೆ ಇರುತ್ತಿತ್ತು, ಬಾಗಿಲು ಹಿಂದುಮುಂದಾಗಿ ತೆರೆಯುತ್ತಿತ್ತು. ಓಡುವಾಗ ಬಾಗಿಲು ಬಿಟ್ಟುಕೊಂಡರೆ ಗಾಳಿಗೆ ಪೂರ್ತಿ ತೆರೆದುಕೊಳ್ಳುತ್ತದೆ, ಯೋಚನೆ ಮಾಡಿ. ಆದರೂ ಅದನ್ನೇ ಚಂದ ಅನ್ನುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇಲ್ಲಿ ನಿಂತೆವು. ಯಾಕೆ ಅಂದರೆ ಪೆಟ್ರೋಲ್ ವಾಸನೆ. ಹಳೇ ಕಾರಲ್ಲಿ ಸ್ವಲ್ಪ ವಾಸನೆ ಇದ್ದೇ ಇರುತ್ತದೆ ಅಂತ ಸುಮ್ನಿದ್ದೆ, ಆದರೆ ಕಣ್ಣು ಉರಿಯೋಕೆ ಶುರುವಾಯಿತು. ಬಾನೆಟ್ ತೆಗೆದರೆ ಪಂಪಿನಿಂದ, ಪೆಟ್ರೋಲನ್ನು ಗಾಳಿ ಜೊತೆ ಬೆರೆಸುವ ಕಾರ್ಬೊರೇಟರ್‌ಗೆ ಹೋಗುವ ರಬ್ಬರ್ ಪೈಪು ಊದಿಕೊಂಡು ಮೆತ್ತಗಾಗಿದೆ. ಉಗುರು ಒತ್ತಿದರೆ ಗುರುತು ಉಳಿಯುತ್ತೆ. ಕೆಳಗೆ ಬಿಸಿ ಎಂಜಿನ್, ಮೇಲೆ ಪೆಟ್ರೋಲ್ ತೊಟ್ಟಿಕ್ಕುವ ಪೈಪು.

ನನಗೆ ಕೋಪ ಬಂದಿದ್ದು ಪೈಪಿನ ಮೇಲಲ್ಲ. ಆ ಪೈಪನ್ನು ಮೊನ್ನೆ ಮೊನ್ನೆ ಹಾಕಿಸಿದ್ದು! ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಅಂಗಡಿ, ಹೆಸರು ಬೇಡ ಬಿಡಿ. ಮಾವ ಕೇಳಿದ್ದು ಎಥನಾಲ್, ಅಂದರೆ ಪೆಟ್ರೋಲ್‌ಗೆ ಬೆರೆಸುವ ಆಲ್ಕೋಹಾಲ್, ಅದನ್ನು ತಡೆಯುವ ಪೈಪು. ಅಂಗಡಿಯವನು 'ಅದೇ ಸಾರ್ ಇದು' ಅಂತ ಮೀಟರಿಗೆ 450 ರೂಪಾಯಿ ತೆಗೆದುಕೊಂಡ. ಮಾಮೂಲಿ ಪೈಪು ಅದರ ಪಕ್ಕದಲ್ಲೇ 120ಕ್ಕೆ ನೇತಾಡುತ್ತಿತ್ತು. ಕೊಟ್ಟಿದ್ದು ಆ 120ರದ್ದೇ ಅಂತ ನನ್ನ ಅನುಮಾನ. ಪೈಪಿನ ಮೇಲೆ ಒಂದು ಅಕ್ಷರ ಪ್ರಿಂಟ್ ಇಲ್ಲ, ನೋಡಿ, ಹತ್ತಿರ ತೋರಿಸುತ್ತಿದ್ದೇನೆ. ಬಿಲ್ಲು? ಬಿಲ್ಲು ಎಲ್ಲಿ ಕೊಡುತ್ತಾರೆ ಅವರು.

ವಿಷಯ ಏನಂದರೆ, ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇರುತ್ತದೆ. 1968ರ ಕಾರಿನ ರಬ್ಬರು, ಸೋರದ ಹಾಗೆ ಸಂದಿಗೆ ಹಾಕುವ ಗ್ಯಾಸ್ಕೆಟ್ಟು ಯಾವುದನ್ನೂ ಅದಕ್ಕೆ ಅಂತ ಮಾಡಿದ್ದಲ್ಲ. ಇನ್ನೊಂದು ತೊಂದರೆ, ಎಥನಾಲ್ ನೀರು ಹೀರಿಕೊಳ್ಳುತ್ತದೆ. ದಿನಾ ಓಡುವ ಗಾಡಿಗೆ ಪರವಾಗಿಲ್ಲ, ತಿಂಗಳುಗಟ್ಟಲೆ ಶೆಡ್ಡಲ್ಲಿ ನಿಲ್ಲುವ ಗಾಡಿಗೆ ಟ್ಯಾಂಕ್ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ. ಹಳೇ ಎಂಜಿನ್ ಗಟ್ಟಿ, ಹೊಸದೆಲ್ಲ ಡಬ್ಬ ಅಂತ ಹೇಳುವವರು ಈ ರಬ್ಬರಿನ ಬಗ್ಗೆ ಬಾಯಿ ಬಿಡುವುದಿಲ್ಲ. ಎಂಜಿನ್ ಗಟ್ಟಿಯೇ, ಒಪ್ಪುತ್ತೇನೆ. ಅದಕ್ಕೆ ಪೆಟ್ರೋಲ್ ತಲುಪಬೇಕಲ್ಲ?

ಸರಿ, ಪೈಪು ಬದಲಾಯಿಸಿದ್ದು ಕಾಣಿಸುತ್ತಿದೆ. ಡಿಕ್ಕಿಯಲ್ಲಿ ಒಂದು ತುಂಡು ಇತ್ತು.

ತಲುಪಿದೆವು. ಇದು ಅಂಬಾಸಿಡರ್, ಇದೂ ಅಂಬಾಸಿಡರ್, ಅದೂ ಅಂಬಾಸಿಡರ್. ಜಗಳ ಆಗುತ್ತಿರುವುದು ಜಪಾನಿನ ಇಸುಜು ಕಂಪನಿಯ ಎಂಜಿನ್ ಬಗ್ಗೆ. ತೊಂಬತ್ತರ ದಶಕದಲ್ಲಿ 1800 ಸಿಸಿ ಇಸುಜು ಎಂಜಿನ್ ಹಾಕಿದ ಅಂಬಾಸಿಡರ್ ಬಂತು, ಆ ನೀಲಿ ಶರ್ಟಿನವರ ಪ್ರಕಾರ ಅದು ಅಂಬಾಸಿಡರೇ ಅಲ್ಲ. ಹಳೇ 1489 ಸಿಸಿ ಎಂಜಿನ್‌ದೇ ನಿಜವಾದದ್ದಂತೆ. ನನಗೆ ಇಸುಜುನೇ ಇಷ್ಟ. ಏರು ಹತ್ತುತ್ತೆ ರೀ, ಇನ್ನೇನು ಬೇಕು? 2014ರಲ್ಲಿ ಅಂಬಾಸಿಡರ್ ಮಾಡುತ್ತಿದ್ದ ಉತ್ತರಪಾರಾ ಕಾರ್ಖಾನೆ ನಿಂತಾಗ ಅತ್ತವರೆಲ್ಲ ಆ ಹೊತ್ತಿಗೆ ಬೇರೆ ಕಾರು ತೆಗೆದುಕೊಂಡಾಗಿತ್ತು, ಅಲ್ವಾ.

ಶ್ರೀರಂಗಪಟ್ಟಣದ ಹತ್ತಿರ ಪಯಣ ಮ್ಯೂಸಿಯಂ ಇದೆಯಲ್ಲ, ಧರ್ಮಸ್ಥಳದ ಹೆಗ್ಗಡೆಯವರ ಸಂಗ್ರಹದ್ದು, ಅಲ್ಲಿ ಕಾರುಗಳು ಫಳಫಳ ಅನ್ನುತ್ತವೆ. ಚೆನ್ನಾಗಿದೆ, ಹೋಗಿ ಬನ್ನಿ. ಆದರೆ ಅಲ್ಲಿ ಯಾರೂ ಪೈಪಿನ ಬಗ್ಗೆ ಬೈಯುವುದು ಕೇಳಿಸುವುದಿಲ್ಲ. ಅಯ್ಯೋ, ಲಾರಿ ಬಂತು, ಲಾರಿ ಬಂತು.

ಲಾರಿ ಅಂದರೆ ನನಗೆ ಬೋರು ಅಂತ ಹಿಂದೊಮ್ಮೆ ಹೇಳಿದ್ದೆ. ವಾಪಸ್ ತೆಗೆದುಕೊಳ್ಳುತ್ತೇನೆ. ಇದು ಟಾಟಾ 1210, ಮುಂದೆ ಮೂತಿ ಇರುವ ಲಾರಿ. 12 ಅಂದರೆ ಹೊರೆ ಸೇರಿ ಸುಮಾರು 12 ಟನ್ ತೂಕ, 10 ಅಂದರೆ ಸುಮಾರು 100 ಎಚ್‌ಪಿ. ಈಗ ಅಷ್ಟು ಶಕ್ತಿ ನಮ್ಮ ಮನೆ ಮುಂದಿನ ಕಾರಿಗಿದೆ. ಇದರಲ್ಲಿ ಪವರ್ ಸ್ಟೇರಿಂಗ್ ಇಲ್ಲ, ಶಿರಾಡಿ ಘಾಟಿಯ ತಿರುವಿನಲ್ಲಿ ಡ್ರೈವರ್ ಎದ್ದು ನಿಂತು ತಿರುಗಿಸುತ್ತಿದ್ದ. ಏರಿನಲ್ಲಿ ನಿಂತರೆ ಕ್ಲೀನರ್ ಹಾರಿ ಇಳಿದು ಚಕ್ರದ ಹಿಂದೆ ಮರದ ತುಂಡು ಇಡಬೇಕು. ಓಡಿಸಿಕೊಂಡು ಬಂದ ಅಜ್ಜನೂ ಮೊದಲು ಕ್ಲೀನರ್ ಆಗಿದ್ದವರೇ.

ಮುಂದೆ ಯಾರೋ ಬೆಂಜ್ ನಕ್ಷತ್ರ ಅಂಟಿಸಿದ್ದಾರೆ. 'ಏನಜ್ಜ, ನಕ್ಷತ್ರ ಚೆನ್ನಾಗಿದೆ' ಅಂದೆ. 'ನಮ್ಮ ಹುಡುಗನ ಕೆಲಸ ಕಣಪ್ಪ, ಇದಕ್ಕೆ ಅದು ಸೇರಲ್ಲ' ಅಂದರು. ಸರಿಯಾದ ಮಾತು. 1954ರಲ್ಲಿ ಟಾಟಾದವರು ಡೈಮ್ಲರ್ ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡಲು ಶುರು ಮಾಡಿದ್ದು, ಒಪ್ಪಂದ 1969ಕ್ಕೆ ಮುಗಿಯಿತು, ನಕ್ಷತ್ರವೂ ಹೋಯಿತು. ಹಳಬರು ಮಾತ್ರ ಆಮೇಲೂ ಬೆಂಜ್ ಲಾರಿ ಅಂತಲೇ ಕರೆದರು.

ನನ್ನ ಸಿಟ್ಟಿನ ಎರಡನೇ ಭಾಗ, ಬೇಗ ಹೇಳಿ ಮುಗಿಸುತ್ತೇನೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರು, ಬೈಕುಗಳಿಗೆ ವಿಂಟೇಜ್ ಅಂತ ಬೇರೆ ನೋಂದಣಿ ಇದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, ನಂಬರಿನ ಮಧ್ಯೆ 'ವಿಎ' ಬರುತ್ತದೆ. ಆದರೆ ಆ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮಾವ ಫಿಯಟ್ಟಿನಲ್ಲೇ ತರಕಾರಿ ತರುತ್ತಾರೆ, ಅವರಿಗೆ ವಿಂಟೇಜೂ ಬೇಡ ಏನೂ ಬೇಡ. ಲಾರಿಯಂತೂ ಆ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಇಂಥ ಲಾರಿಗಳೆಲ್ಲ ಸುಮ್ನೆ ಗುಜರಿಗೆ ಹೋಗುತ್ತಿವೆ.

ಲಾರಿ ಸೌಂಡ್ ಕೇಳಿ, ಈಗ ಮಾತಾಡಲ್ಲ.

...ಹಾಂ, ಅಷ್ಟೇ, ಬ್ಯಾಟರಿ ಕೆಂಪಾಗಿದೆ. ಎಥನಾಲ್ ತಡೆಯುವ ಪೈಪು ಬಿಲ್ ಸಮೇತ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದರೆ ಕೆಳಗೆ ಬರೆಯಿರಿ, ಮಾವ ಕಾಯುತ್ತಿದ್ದಾರೆ.