ಭಾಷಣ ಸಾಕು, ಕೆಲಸ ಕೊಡಿ

ಕೇಳುಗರಿಗೆ ನಮಸ್ಕಾರ. ವಿಶ್ವವಿದ್ಯಾಲಯಗಳೂ ಕಂಪನಿಗಳೂ ಕೈಜೋಡಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಒಪ್ಪಂದಕ್ಕೆ ಸಹಿ ಬೀಳುತ್ತದೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಫೈಲು ಬೀರು ಸೇರುತ್ತದೆ. ವಿದ್ಯಾರ್ಥಿಗೆ ಸಿಗುವುದು ವರ್ಷಕ್ಕೊಂದು ಅತಿಥಿ ಭಾಷಣ. ನಾನು ಹೇಳುವುದು ಒಂದೇ ಮಾತು: ಭಾಷಣ ಸಾಕು, ಕೆಲಸ ಕೊಡಿ. ನಿಜವಾದ ಕೆಲಸ.

ಇದೇನು ಹೊಸದಲ್ಲ. 1906ರಲ್ಲೇ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಮೇಷ್ಟ್ರು ಇದನ್ನು ಶುರು ಮಾಡಿದರು. ಒಂದು ಕೆಲಸಕ್ಕೆ ಇಬ್ಬರು ವಿದ್ಯಾರ್ಥಿಗಳು. ಈ ವಾರ ಒಬ್ಬ ಕಾರ್ಖಾನೆಯಲ್ಲಿ, ಇನ್ನೊಬ್ಬ ಕ್ಲಾಸಿನಲ್ಲಿ. ಮುಂದಿನ ವಾರ ಅದಲು ಬದಲು. ಕಾರ್ಖಾನೆಯ ಕೆಲಸವೂ ನಿಲ್ಲುವುದಿಲ್ಲ, ಪಾಠವೂ ನಿಲ್ಲುವುದಿಲ್ಲ. ಸಂಬಳವೂ ಉಂಟು! ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಇದೇ ದಾರಿ ಹಿಡಿಯಿತು. ಅಲ್ಲಿ ಸರದಿ ವಾರದ್ದಲ್ಲ, ತಿಂಗಳುಗಟ್ಟಲೆಯದು.

ನನ್ನ ವಿದ್ಯಾರ್ಥಿನಿಯೊಬ್ಬಳ ಕತೆ ಹೇಳಲೇಬೇಕು. ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಅವಳಿಗೆ ಮುಚ್ಚಳದ ಡ್ರಾಯಿಂಗ್ ಮಾಡಲು ಕೊಟ್ಟರು. ಲೆಕ್ಕ ಸರಿ, ಅಳತೆ ಸರಿ. ಪರೀಕ್ಷೆಯಲ್ಲಾಗಿದ್ದರೆ ಪೂರ್ತಿ ಅಂಕ. ಮಾದರಿ ಮುಚ್ಚಳ ತಯಾರಾಯಿತು. ಅಲ್ಲಿದ್ದ ಹಿರಿಯ ಫಿಟ್ಟರ್ ಅದನ್ನು ಪಂಪಿನ ಮೇಲಿಟ್ಟು, ಸ್ಪ್ಯಾನರ್ ಅವಳ ಕೈಗೆ ಕೊಟ್ಟು, "ಈ ಮೂಲೆ ಬೋಲ್ಟು ಬಿಗಿ ಮಾಡಮ್ಮ" ಎಂದರು. ಬೋಲ್ಟಿನ ತಲೆಗೂ ಪಕ್ಕದ ಪೈಪಿಗೂ ನಡುವೆ ಬೆರಳಷ್ಟೂ ಜಾಗವಿಲ್ಲ. ಸ್ಪ್ಯಾನರ್ ಒಳಗೇ ಹೋಗಲಿಲ್ಲ! "ರಿಪೇರಿಗೆ ಇದನ್ನ ಬಿಚ್ಚೋದು ಯಾರು?" ಅಂತ ಕೇಳಿ, ಅವರು ತಮ್ಮ ಕೆಲಸಕ್ಕೆ ಹೋದರು. ಅವಳು ಬೋಲ್ಟಿನ ಜಾಗ ಬದಲಿಸಿ ಮತ್ತೆ ಬರೆದಳು. ಕ್ಲಾಸಿಗೆ ವಾಪಸು ಬಂದವಳು ನಾನು ಬೋರ್ಡಿನ ಮೇಲೆ ಬರೆದ ಚಿತ್ರಕ್ಕೇ ಕೈಹಾಕಿದಳು: "ಸರ್, ಇಲ್ಲಿ ಕೈ ಹೋಗೋದು ಹೇಗೆ?" ನನಗಾದ ಖುಷಿ ಅಷ್ಟಿಷ್ಟಲ್ಲ. ಯಾವ ಅತಿಥಿ ಭಾಷಣದಿಂದ ಈ ಪ್ರಶ್ನೆ ಹುಟ್ಟುತ್ತಿತ್ತು ಹೇಳಿ?

ಟೈಮಾಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಕಂಪನಿಯವರೇ, ವಿದ್ಯಾರ್ಥಿ ಬಿಟ್ಟಿ ಆಳಲ್ಲ. ಸಂಬಳ ಕೊಡಿ. ಸುಮ್ನೆ ಜೆರಾಕ್ಸ್ ಮಾಡಿಸಬೇಡಿ, ಆ ಫಿಟ್ಟರ್‌ನಂಥ ಒಬ್ಬರ ಜೊತೆ ಬಿಡಿ. ಮೇಷ್ಟ್ರುಗಳೇ, ಪಠ್ಯಕ್ರಮವನ್ನು ಪೂರ್ತಿ ಕಂಪನಿಯ ಕೈಗೆ ಕೊಡಬೇಡಿ. ಅವರ ಇವತ್ತಿನ ಸಾಫ್ಟ್‌ವೇರ್ ನಾಳೆ ಹಳತಾಗುತ್ತದೆ, ಗಣಿತ ಹಳತಾಗುವುದಿಲ್ಲ. ವಿದ್ಯಾರ್ಥಿಗಳೇ, ಮುಂದಿನ ಸಲ ಕಂಪನಿಯವರು ಭಾಷಣ ಮುಗಿಸಿ "ಪ್ರಶ್ನೆ ಇದೆಯಾ?" ಎಂದಾಗ ಸುಮ್ಮನೆ ಕೂರಬೇಡಿ. "ನಿಮ್ಮಲ್ಲಿ ಇನ್ನೂ ಬಗೆಹರಿಯದ ತೊಂದರೆ ಯಾವುದು? ಅದನ್ನ ನಮಗೆ ಕೊಡ್ತೀರಾ?" ಅಂತ ಕೇಳಿ. ನಮಸ್ಕಾರ.