ಉಕ್ಕಿಗೂ ಅಲ್ಯೂಮಿನಿಯಂಗೂ ಬೆಸುಗೆ

ಕೇಳುಗರಿಗೆ ನಮಸ್ಕಾರ.

ಉಕ್ಕಿಗೆ ಉಕ್ಕು ಬೆಸೆಯುವುದು ಯಾವ ಊರಿನ ವೆಲ್ಡಿಂಗ್ ಶಾಪಿನಲ್ಲೂ ಆಗುವ ಕೆಲಸ. ಅದೇ ಉಕ್ಕಿಗೆ ಅಲ್ಯೂಮಿನಿಯಂ ಬೆಸೆದುಕೊಡಿ ಅಂದರೆ, ನುರಿತ ವೆಲ್ಡರ್ ಕೂಡ ತಲೆ ಅಲ್ಲಾಡಿಸುತ್ತಾರೆ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಉಕ್ಕಿಗೆ ಸುಮಾರು 1500 ಡಿಗ್ರಿ ಬೇಕು. ಉಕ್ಕು ಕರಗುವಷ್ಟರಲ್ಲಿ ಅಲ್ಯೂಮಿನಿಯಂ ಸೋರಿ ಹೋಗಿರುತ್ತದೆ. ಇದಕ್ಕಿಂತ ದೊಡ್ಡ ತೊಡಕು, ಕರಗಿದ ಅಲ್ಯೂಮಿನಿಯಂ ಕಬ್ಬಿಣದೊಂದಿಗೆ ಬಲು ಬೇಗ ಸೇರಿಕೊಂಡು ನಡುವೆ ಪೆಡಸಾದ ಸಂಯುಕ್ತದ ಪದರ ಕಟ್ಟುವುದು. ಪೆಟ್ಟು ಬಿದ್ದರೆ ಮೊದಲು ಬಿರುಕು ಬಿಡುವುದು ಅಲ್ಲೇ.

1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ವೆಲ್ಡಿಂಗ್ ಸಂಶೋಧನಾ ಸಂಸ್ಥೆ ಟಿಡಬ್ಲ್ಯುಐಯಲ್ಲಿ ವೇಯ್ನ್ ಥಾಮಸ್ ಮತ್ತು ಸಂಗಡಿಗರು ಲೋಹವನ್ನು ಕರಗಿಸದೆಯೇ ಬೆಸೆಯುವ ವಿಧಾನ ಕಂಡುಹಿಡಿದರು. ಅದೇ ಫ್ರಿಕ್ಷನ್ ಸ್ಟರ್ ವೆಲ್ಡಿಂಗ್. ಗಿರ್ರನೆ ತಿರುಗುವ ಗಟ್ಟಿ ಉಪಕರಣದ ತುದಿಯಲ್ಲೊಂದು ಪಿನ್. ಅದನ್ನು ಕೂಡುಗೆರೆಗೆ ಒತ್ತಿ ಮುಂದಕ್ಕೆ ನಡೆಸಿದರೆ, ತಿಕ್ಕಾಟದ ಬಿಸಿಗೆ ಲೋಹ ಮೆತ್ತಗಾಗುತ್ತದೆ. ಮುದ್ದೆ ತೊಳಸುವಾಗ ಬೆಂದ ಹಿಟ್ಟು ಕೋಲಿನ ಸುತ್ತ ಹೊರಳುವ ಹಾಗೆ, ಲೋಹವೂ ನೀರಾಗದೆ ಪಿನ್ನಿನ ಸುತ್ತ ಹೊರಳಿ ಹಿಂದೆ ಕೂಡಿಕೊಳ್ಳುತ್ತದೆ.

ಬೇರೆ ಬೇರೆ ಲೋಹಗಳಾದರೆ ಎರಡನ್ನೂ ಸಮಸಮನಾಗಿ ಕಲಕುವಂತಿಲ್ಲ. ನನ್ನ ಮಟ್ಟಿಗೆ ಈ ವಿದ್ಯೆಯ ಸೊಗಸು ಇರುವುದೇ ಇಲ್ಲಿ. ಅಂಚಿಗೆ ಅಂಚು ತಾಗಿಸಿ ಬೆಸೆಯುವಾಗ ಪಿನ್ನನ್ನು ಬಹುಪಾಲು ಅಲ್ಯೂಮಿನಿಯಂ ಕಡೆಗೇ ಸರಿಸಿ ಇಡುತ್ತಾರೆ. ಅದು ಉಕ್ಕಿನ ಅಂಚನ್ನು ಚೂರೇ ಚೂರು ಕೆರೆದು, ಮೇಲಿನ ಆಕ್ಸೈಡ್ ತೆಗೆದು, ಹೊಸ ಮೈ ತೋರಿಸಿದರೆ ಸಾಕು. ಮೆತ್ತಗಾದ ಅಲ್ಯೂಮಿನಿಯಂ ಆ ಮೈಗೆ ಒತ್ತಿಕೊಂಡು ಅಂಟುತ್ತದೆ. ಪೆಡಸು ಪದರ ಆಗಲೂ ಹುಟ್ಟುತ್ತದೆ, ಆದರೆ ಅದು ತೀರಾ ತೆಳುವಾಗಿದ್ದರೆ ತೊಂದರೆಯಿಲ್ಲ. ಕೆಲವು ಮೈಕ್ರೋಮೀಟರ್ ದಪ್ಪಗಾಯಿತೋ, ಬೆಸುಗೆಯ ಬಲ ಇಳಿಯಿತು. ಪಿನ್ ಅತಿಯಾಗಿ ತಿರುಗಿದರೆ ಬಿಸಿ ಹೆಚ್ಚಿ ಪದರ ಬೆಳೆಯುತ್ತದೆ. ಬಿಸಿ ಸಾಲದಿದ್ದರೆ ಲೋಹ ಸರಿಯಾಗಿ ಹರಿಯದೆ ಒಳಗೆ ಪೊಳ್ಳು ಉಳಿಯುತ್ತದೆ.

ಕಾರು ತಯಾರಿಕೆಯಲ್ಲಿ ಇದನ್ನು ಹೋಂಡಾ ಮಾಡಿ ತೋರಿಸಿತು. ಉತ್ತರ ಅಮೆರಿಕದ 2013ರ ಅಕಾರ್ಡ್ ಕಾರಿನ ಮುಂಭಾಗದ ಸಬ್‌ಫ್ರೇಮಿನಲ್ಲಿ, ಅಂದರೆ ಎಂಜಿನ್ ಹೊರುವ ಚೌಕಟ್ಟಿನಲ್ಲಿ, ಉಕ್ಕನ್ನೂ ಅಲ್ಯೂಮಿನಿಯಂನ್ನೂ ಹೀಗೆಯೇ ಬೆಸೆಯಲಾಯಿತು. ಬರೀ ಉಕ್ಕಿನ ಸಬ್‌ಫ್ರೇಮಿಗಿಂತ ತೂಕ ಶೇಕಡಾ 25ರಷ್ಟು ಇಳಿಯಿತೆಂದು ಕಂಪನಿ ಹೇಳಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಬೆಸುಗೆಯ ಬಗ್ಗೆ ಸಂಶೋಧನೆ ನಡೆದಿದೆ.

ಬೆಸೆದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಇವೆರಡು ಲೋಹ ತಾಗಿಕೊಂಡಿರುವ ಕಡೆ ಉಪ್ಪುನೀರು ಇಳಿದರೆ, ಬ್ಯಾಟರಿಯೊಳಗಿನ ಹಾಗೆ ವಿದ್ಯುತ್ ಹರಿದು ಅಲ್ಯೂಮಿನಿಯಂ ಸವೆಯುತ್ತದೆ. ಆದ್ದರಿಂದ ಕೂಡುಗೆರೆಗೆ ನೀರು ಇಳಿಯದಂತೆ ಸೀಲ್ ಮಾಡಲೇಬೇಕು. ಇನ್ನು ಆ ಪೆಡಸು ಪದರ ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ಮಾದರಿಯೊಂದನ್ನು ಅಡ್ಡ ಕತ್ತರಿಸಿ, ನುಣ್ಣಗೆ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ಅದರ ದಪ್ಪ ಅಳೆದ ಮೇಲೆಯೇ ಪಿನ್ನಿನ ವೇಗ, ಜಾಗ ಎರಡನ್ನೂ ನಿಗದಿ ಮಾಡುತ್ತಾರೆ.

ನಮಸ್ಕಾರ.